ಕಾಣದ ನೋವು, ಕೇಳದ ಕಿವಿ

ಪೀಣ್ಯದ ಕಾರ್ಖಾನೆಗಳಲ್ಲಿ ಲೇಥ್ ಯಂತ್ರದ ಮುಂದೆ ಪಾಳಿಯುದ್ದಕ್ಕೂ ನಿಲ್ಲುವ ಕಾರ್ಮಿಕರು, ಸಿದ್ಧ ಉಡುಪಿನ ಘಟಕಗಳಲ್ಲಿ ಹೊಲಿಗೆ ಯಂತ್ರಕ್ಕೆ ಬಾಗಿ ಕುಳಿತ ಮಹಿಳೆಯರು, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಕಂಪ್ಯೂಟರ್ ಪರದೆಗೆ ಕಣ್ಣು ನೆಟ್ಟ ಯುವಜನರು, ಅದೇ ಕಚೇರಿಗಳ ನೆಲ ಒರೆಸುವ ತಾಯಂದಿರು, ಇವರ ಸಂಬಳಗಳ ನಡುವೆ ಅಜಗಜಾಂತರವಿದೆ. ಆದರೆ ಸೊಂಟ, ಕುತ್ತಿಗೆ, ಭುಜ, ಮಂಡಿಗಳ ನೋವಿಗೆ ಈ ಅಂತರದ ಪರಿವೆಯಿಲ್ಲ.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ನೋವೆಂದು ಕರೆಯುತ್ತದೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರೆಂದು ಅಂದಾಜಿಸಲಾಗಿದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವು, ಇಂಥ ನೋವು ಬೇರೊಂದು ರೋಗದ ಲಕ್ಷಣವಾಗಿರದೆ ತಾನೇ ಒಂದು ರೋಗವಾಗಿರಲು ಸಾಧ್ಯವೆಂದು ಒಪ್ಪಿದೆ. ಗಾಯ ಮಾಗಿದ ಮೇಲೂ ನರಮಂಡಲವು ನೋವಿನ ಸಂಕೇತವನ್ನು ಕಳುಹಿಸುತ್ತಲೇ ಇರಬಹುದು. ಆದುದರಿಂದ 'ಎಕ್ಸ್‌ರೇಯಲ್ಲಿ ಏನೂ ಕಾಣುತ್ತಿಲ್ಲ' ಎಂಬ ಮಾತಿಗೆ 'ನೋವೇ ಇಲ್ಲ' ಎಂಬ ಅರ್ಥವಿಲ್ಲ.

ಇಂಥ ನೋವು ಮನುಷ್ಯನಿಂದ ಕಸಿದುಕೊಳ್ಳುವುದೇನನ್ನು? ಮೊದಲು ನಿದ್ರೆಯನ್ನು, ಬಳಿಕ ತಾಳ್ಮೆಯನ್ನು, ಕ್ರಮೇಣ ದುಡಿಮೆಯನ್ನೂ ನಂಟುಗಳನ್ನೂ. ಹದಿಮೂರನೆಯ ಶತಮಾನದ ತತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ, ದೇಹದ ತೀವ್ರ ನೋವು ಮನಸ್ಸನ್ನು ತನ್ನೆಡೆಗೆ ಸೆಳೆದುಕೊಂಡು ಕಲಿಕೆಗೂ ಧ್ಯಾನಕ್ಕೂ ಅಡ್ಡಿಯಾಗುತ್ತದೆಂದು ವಿವರಿಸಿದ್ದಾರೆ. ದುಃಖ ಶಮನಕ್ಕೆ ಸ್ನೇಹಿತರ ಸಹಾನುಭೂತಿ, ಕಣ್ಣೀರು ಮತ್ತು ಸತ್ಯದ ಚಿಂತನೆಯ ಜೊತೆಗೆ ನಿದ್ರೆ ಮತ್ತು ಸ್ನಾನವನ್ನೂ ಅವರು ಸೂಚಿಸಿದ್ದಾರೆ! ಆತ್ಮದ ವಿಷಯವನ್ನು ಅಷ್ಟು ಆಳವಾಗಿ ಬಲ್ಲವರು ದೇಹವನ್ನು ಕಡೆಗಣಿಸಲಿಲ್ಲ.

ನೋವು ಸ್ತ್ರೀಪುರುಷರಿಬ್ಬರನ್ನೂ ಕಾಡಿದರೂ ಕಾಡುವ ಬಗೆ ಬೇರೆ. ಅರೆತಲೆಶೂಲೆ, ಸಂಧಿವಾತ ಮೊದಲಾದವು ಮಹಿಳೆಯರಲ್ಲಿಯೇ ಹೆಚ್ಚು. ಪಾಳಿ ಮುಗಿಸಿ ಮನೆಗೆ ಬಂದವಳಿಗೆ ಒಲೆ, ಪಾತ್ರೆ, ನೀರಿನ ಕೊಡಗಳು ಕಾದಿರುತ್ತವೆ. 'ಹೆಂಗಸರಿಗೆ ಇದೆಲ್ಲ ಇದ್ದದ್ದೇ' ಎಂಬ ಒಂದೇ ಮಾತಿನಿಂದ ಅವಳ ನರಳಾಟವನ್ನು ತಳ್ಳಿಹಾಕಲಾಗುತ್ತದೆ. ಪುರುಷನಾದರೋ ಗಂಡಸುತನದ ಹುಸಿ ಅಭಿಮಾನದಿಂದಲೋ ದಿನಗೂಲಿ ತಪ್ಪೀತೆಂಬ ಭಯದಿಂದಲೋ ನೋವನ್ನು ಬಚ್ಚಿಡುತ್ತಾನೆ. ಕೆಲವೊಮ್ಮೆ ಅದನ್ನು ಮದ್ಯದಲ್ಲಿ ಮುಳುಗಿಸಲು ಹೊರಡುತ್ತಾನೆ. ಅವಳು ಹೇಳಿದರೆ ನಂಬುವವರಿಲ್ಲ, ಅವನು ಹೇಳುವುದೇ ಇಲ್ಲ. ಇಬ್ಬರೂ ಔಷಧದ ಅಂಗಡಿಯಿಂದ ನೋವಿನ ಮಾತ್ರೆ ಕೊಂಡು ನುಂಗುತ್ತಾರೆ. ವೈದ್ಯರ ಸಲಹೆಯಿಲ್ಲದೆ ಬಹುಕಾಲ ನುಂಗಿದ ಆ ಮಾತ್ರೆಗಳು ಜಠರ ಹಾಗೂ ಮೂತ್ರಪಿಂಡಗಳನ್ನು ಕೆಡಿಸಬಲ್ಲವು.

ವ್ಯವಸ್ಥೆಯೂ ಈ ನೋವಿಗೆ ಹೊಂದಿಕೊಂಡಿಲ್ಲ. ಇ.ಎಸ್.ಐ. ಸೌಲಭ್ಯವುಳ್ಳವರಿಗೆ ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ ಗರಿಷ್ಠ 91 ದಿನ, ವೇತನದ ಶೇಕಡ 70ರಷ್ಟು ಪರಿಹಾರ ದೊರೆಯುತ್ತದೆ. ಪಟ್ಟಿಯಲ್ಲಿ ಹೆಸರಿಸಿದ ಕೆಲವು ದೀರ್ಘ ರೋಗಗಳಿಗೆ ಮಾತ್ರ ಅವಧಿ ವಿಸ್ತರಣೆಯುಂಟು. ಸತತವಾಗಿ ರಜೆ ಪಡೆದವರ ನೋವು 'ದೀರ್ಘಕಾಲಿಕ' ಎನಿಸಿಕೊಳ್ಳುವ ಹೊತ್ತಿಗೆ ಪರಿಹಾರವೇ ಮುಗಿದಿರುತ್ತದೆ! ಮನೆಗೆಲಸ ಮಾಡುವ ಹೆಚ್ಚಿನವರಿಗಂತೂ ಇಷ್ಟೂ ಇಲ್ಲ.

ಇನ್ನು ನಮ್ಮ ಮನೆಯ ಮಾತು. 'ನಿನ್ನ ಶಿಲುಬೆಯನ್ನು ಹೊತ್ತುಕೋ' ಎಂದು ನರಳುವವರಿಗೆ ಉಪದೇಶಿಸುವುದು ನಮ್ಮಲ್ಲಿ ಸುಲಭವಾಗಿಬಿಟ್ಟಿದೆ. ಧರ್ಮಸಭೆಯ ಬೋಧನೆ ಹಾಗಿಲ್ಲ. ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1957ರಲ್ಲಿ ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡುತ್ತಾ, ನೋವು ಶಮನದ ಔಷಧವನ್ನು ಸ್ವೀಕರಿಸುವುದು ನೀತಿಬದ್ಧವೆಂದು ಸ್ಪಷ್ಟಪಡಿಸಿದರು. ಯಾತನೆಯ ರಕ್ಷಣಾತ್ಮಕ ಅರ್ಥವನ್ನು ಕುರಿತು ಎರಡನೆಯ ಜಾನ್ ಪಾಲ್‌ರವರು 1984ರಲ್ಲಿ ಬರೆದ ಪತ್ರವೂ ತನ್ನ ಕೊನೆಯ ಭಾಗದಲ್ಲಿ ಸಹೃದಯಿ ಸಮಾರಿತನನ್ನೇ ನಮ್ಮ ಮುಂದೆ ನಿಲ್ಲಿಸುತ್ತದೆ. ಅವನು ದಾರಿಯಲ್ಲಿ ಬಿದ್ದವನಿಗೆ ಸಹನೆಯನ್ನು ಬೋಧಿಸಲಿಲ್ಲ. ಗಾಯಕ್ಕೆ ಎಣ್ಣೆ ಹಚ್ಚಿ ಛತ್ರಕ್ಕೆ ಕರೆದೊಯ್ದ, ವೆಚ್ಚವನ್ನೂ ತಾನೇ ಹೊತ್ತ. ಸ್ವಂತ ನೋವನ್ನು ದೇವರಿಗೆ ಅರ್ಪಿಸುವುದು ಭಕ್ತನ ಸ್ವಾತಂತ್ರ್ಯ. ಪರರ ನೋವನ್ನು ಅರ್ಪಿಸುವ ಅಧಿಕಾರ ಯಾರಿಗೂ ಇಲ್ಲ.

ಶುಭಸಂದೇಶದಲ್ಲಿ ದೀರ್ಘ ವ್ಯಾಧಿಯ ಇಬ್ಬರನ್ನು ಕಾಣುತ್ತೇವೆ. ಹನ್ನೆರಡು ವರ್ಷ ಬಳಲಿದ ಸ್ತ್ರೀ ಇದ್ದುದನ್ನೆಲ್ಲ ವೈದ್ಯರಿಗೆ ಸುರಿದಿದ್ದಳು. ಮೂವತ್ತೆಂಟು ವರ್ಷಗಳಿಂದ ವ್ಯಾಧಿಗ್ರಸ್ತನಾಗಿ, ಕೊಳದ ಬಳಿ ಮಲಗಿದ್ದ ಪುರುಷನನ್ನು ನೀರಿಗಿಳಿಸುವವರಿರಲಿಲ್ಲ. ಯೇಸುಸ್ವಾಮಿ ಜನಜಂಗುಳಿಯ ನಡುವೆ ನಿಂತು ಅವಳ ಮಾತನ್ನು ಪೂರ್ತಿ ಕೇಳಿದರು. ಅವನನ್ನು ತಾವಾಗಿಯೇ ಮಾತನಾಡಿಸಿದರು.

ಇಂದು ನಮ್ಮ ಮನೆಗಳಲ್ಲಿ ಆಗಬೇಕಾದುದೂ ಇದೇ. ನೋವೆಂದವರ ಮಾತನ್ನು ನಂಬೋಣ, ಮೌನವಾಗಿರುವವರನ್ನು ನಾವಾಗಿ ವಿಚಾರಿಸೋಣ, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗೋಣ, ಮನೆಗೆಲಸದ ಭಾರವನ್ನು ಹಂಚಿಕೊಳ್ಳೋಣ. ಕಾರ್ಖಾನೆ, ಕಚೇರಿಗಳಲ್ಲಿ ಮೇಲ್ವಿಚಾರಕರಾಗಿರುವ ಬಾಂಧವರು ಕೈಕೆಳಗಿನವರಿಗೆ ನಡುವೆ ಹತ್ತು ನಿಮಿಷ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬಿಡುವು ಕೊಡಲಿ. ಅದೂ ಧರ್ಮದ ಕೆಲಸವೇ.