ಪಂದ್ಯದ ಆಸನವೂ ಊರ ರಸ್ತೆಯೂ

ಮೋಟಾರು ಪಂದ್ಯಗಳಲ್ಲಿ ಬಳಸತಕ್ಕ ಬಕೆಟ್ ಸೀಟುಗಳನ್ನೂ, ಹೆಗಲು ಸೊಂಟಗಳನ್ನು ನಾಲ್ಕಾರು ಪಟ್ಟಿಗಳಿಂದ ಬಿಗಿಯುವ ಹಾರ್ನೆಸ್ಸುಗಳನ್ನೂ ನಿತ್ಯ ಬಳಕೆಯ ಕಾರುಗಳಿಗೆ ಜೋಡಿಸಿಕೊಡುವ ವ್ಯಾಪಾರವನ್ನು ನಗರವಾಸಿಗಳಾದ ವಾಚಕರು ಕಂಡೇ ಇರಬಹುದು. ತರುಣರ ಷೋಕಿಯೆಂದು ಇದನ್ನು ನಕ್ಕು ಬಿಡಬಹುದಾಗಿತ್ತು. ಆದರೆ ಮಾರುವವರು ಇದನ್ನು ಪ್ರಾಣರಕ್ಷಣೆಯ ಸಾಧನವೆಂದು ಹೊಗಳಿ ಮಾರುತ್ತಿದ್ದಾರೆ. ಇದಕ್ಕೇ ನಮ್ಮ ಆಕ್ಷೇಪಣೆ.

ಪಂದ್ಯಗಳ ಮೇಲೆ ನಮಗೆ ದ್ವೇಷವಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ನಡೆಯುವ ರ‍್ಯಾಲಿಗಳನ್ನು ಮೆಚ್ಚುವವರಲ್ಲಿ ನಾವೂ ಸೇರಿದವರೇ. ಆದರೆ ಪಂದ್ಯದ ಕಾರಿನಲ್ಲಿ ಹಾರ್ನೆಸ್ಸು ಒಂಟಿಯಾಗಿ ಇರುವುದಿಲ್ಲ. ಸುತ್ತಲೂ ಉಕ್ಕಿನ ಕೊಳವೆಗಳ ಪಂಜರವಿರುತ್ತದೆ. ತಲೆಗೆ ಹೆಲ್ಮೆಟ್ಟೂ, ಆ ತಲೆಯು ಮುಂದಕ್ಕೆ ಎರಗದಂತೆ ತಡೆಯುವ ಸಾಧನವೂ ಇರುತ್ತವೆ. ಇವನ್ನೆಲ್ಲ ಬಿಟ್ಟು ಪಟ್ಟಿಗಳನ್ನು ಮಾತ್ರ ತಂದರೆ, ಢಿಕ್ಕಿಯಾದಾಗ ಎದೆಯು ನಿಂತು ತಲೆಯೊಂದೇ ಮುನ್ನುಗ್ಗುವುದು. ಭಾರವೆಲ್ಲ ಕತ್ತಿನ ಮೇಲೆ. ಕಾರು ಮಗುಚಿ ಛಾವಣಿ ಕುಸಿದರೆ, ಬಿಗಿದು ಕುಳಿತವನು ಪಕ್ಕಕ್ಕೆ ಬಾಗಲೂ ಆರನು. ತೊಡೆಗಳ ನಡುವಣ ಪಟ್ಟಿಯಿಲ್ಲದ ಹಾರ್ನೆಸ್ಸಿನಲ್ಲಿ ಸೊಂಟದ ಪಟ್ಟಿಯು ಹೊಟ್ಟೆಗೇರಿ, ದೇಹವು ಅದರಡಿಯಲ್ಲಿ ಜಾರುವ ಅಪಾಯ ಬೇರೆ. 1959ರಲ್ಲಿ ಸ್ವೀಡನ್ನಿನ ನಿಲ್ಸ್ ಬೋಲಿನ್ ಎಂಬ ಇಂಜಿನಿಯರು ವೋಲ್ವೊ ಕಂಪನಿಗಾಗಿ ರೂಪಿಸಿದ, ಮೂರು ಕಡೆ ಹಿಡಿತವುಳ್ಳ ಬೆಲ್ಟು ನೋಟಕ್ಕೆ ಸಾಧಾರಣವಾದರೂ, ಇಂದಿನ ಕಾರುಗಳ ಆಸನವೂ ಏರ್‌ಬ್ಯಾಗೂ ಅದಕ್ಕೆ ಹೊಂದುವಂತೆಯೇ ರಚಿತವಾಗಿವೆ. ಹಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗು ಮೂಲ ಆಸನದೊಳಗೇ ಅಡಗಿದೆ. ಆಸನವನ್ನು ಕಿತ್ತವನು ಅದನ್ನೂ ಕಳೆದುಕೊಂಡನು.

ಇನ್ನು ಕಾನೂನು. ನೋಂದಣಿ ಪತ್ರದ ವಿವರಗಳು ತಯಾರಕರು ಗೊತ್ತುಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಹಿಂದಿನ ಆಸನವನ್ನು ತೆಗೆದು ಪಂಜರ ಕೂರಿಸಿದರೆ ಆಸನಗಳ ಸಂಖ್ಯೆಯೇ ಬದಲಾಗುವುದರಿಂದ ತಪ್ಪು ಸ್ಪಷ್ಟ. ಮುಂದಿನ ಆಸನವನ್ನು ಮಾತ್ರ ಬದಲಿಸಿದರೆ? ನೋಂದಣಿ ಪತ್ರದಲ್ಲಿ ಸಂಖ್ಯೆಯಿದೆಯೇ ಹೊರತು ಆಸನದ ಮಾದರಿಯಿಲ್ಲ. ಇಲ್ಲಿ ರಸ್ತೆಯಲ್ಲಿ ನಿಂತ ಅಧಿಕಾರಿಯ ಮರ್ಜಿಯೇ ಕಾನೂನಾಗುವ ಭಯವುಂಟು. ಬೆಲ್ಟಿನ ವಿಷಯದಲ್ಲಿ ಸಂದೇಹಕ್ಕೆ ಎಡೆ ಕಡಿಮೆ: ಅದು ನಿಗದಿಯಾದ ಮಾನದಂಡಕ್ಕೆ ಒಪ್ಪಿರಬೇಕೆಂದು 1989ರ ನಿಯಮಗಳಿವೆ. ಅಂಗಡಿಯ ಪಟ್ಟಿಯನ್ನು ಬಿಗಿದುಕೊಂಡು 'ನಾನು ಬೆಲ್ಟು ಧರಿಸಿದ್ದೇನೆ' ಎನ್ನುವವರ ವಾದವು ನಿಲ್ಲಲಾರದೆಂದು ನಮ್ಮ ಅಭಿಪ್ರಾಯ.

2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸಜೆಯನ್ನೋ ಅಥವಾ ಎರಡನ್ನೂ ವಿಧಿಸಿತು. ಅದೇ 182ಎ ಕಲಮು, ಸರ್ಕಾರವು ಪ್ರಕಟಿಸಿದ ಮುಖ್ಯ ಸುರಕ್ಷಾಭಾಗಗಳನ್ನು ಮಾನದಂಡಕ್ಕೆ ವಿರುದ್ಧವಾಗಿ ಮಾರುವವನಿಗೆ ಒಂದು ಲಕ್ಷ ರೂಪಾಯಿ ದಂಡವನ್ನೂ ಹೇಳಿತು. ದಾರಿಯಲ್ಲಿ ಸಿಕ್ಕ ಹುಡುಗನನ್ನು ಹಿಡಿಯುವುದು ಸುಲಭ. ಅವನಿಗೆ ಅಭಯವಿತ್ತು ಹಣ ಎಣಿಸಿಕೊಂಡ ಅಂಗಡಿಯವನ ಬಳಿಗೆ ಅಧಿಕಾರಿಗಳು ಏಕೆ ಹೋಗಬಾರದು? ಹಾರ್ನೆಸ್ಸಿನ ಹೆಸರು ಆ ಪ್ರಕಟಣೆಯಲ್ಲಿ ಇಲ್ಲದಿದ್ದರೆ ಕೇಂದ್ರ ಸರ್ಕಾರದವರು ಸೇರಿಸಲಿ. ಯಾವುದನ್ನು ಬದಲಿಸಬಹುದು, ಯಾವುದನ್ನು ಕೂಡದು ಎಂಬುದನ್ನು ನಮ್ಮ ಸಾರಿಗೆ ಇಲಾಖೆಯವರು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ, ಪ್ರತಿಯೊಂದು ಆರ್.ಟಿ.ಓ. ಕಚೇರಿಯ ಬಾಗಿಲಲ್ಲಿಯೂ ತೂಗುಹಾಕಿಸಲಿ.