ಶೆರಿ ಪೀಪಾಯಿಗೆ ಹತ್ತಿದ ಗಂಧಕದ ಘಾಟು

ಸೀಸೆಯ ಮೇಲೆ 'ಶೆರಿ ಪೀಪಾಯಿಯಲ್ಲಿ ಪಕ್ವಗೊಂಡ ವಿಸ್ಕಿ' ಎಂದು ಬರೆದಿರುತ್ತದೆ. ಒಳಗಿನ ದ್ರವ ಬೆಲ್ಲದ ಪಾಕದಂತೆ ಕೆಂಪಗೆ ಹೊಳೆಯುತ್ತದೆ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನಬೇಕು. ಕೊಂಡವನು ಬಿರಡೆ ತೆಗೆದು, ಲೋಟಕ್ಕೆ ಎರಡು ಗುಟುಕು ಬಗ್ಗಿಸಿ, ಒಣದ್ರಾಕ್ಷಿ, ಖರ್ಜೂರ, ಲವಂಗದ ಪರಿಮಳ ಬಂದೀತೆಂದು ಮೂಗು ಹತ್ತಿರ ಒಯ್ಯುತ್ತಾನೆ. ಬರುವುದು ಬೆಂಕಿಕಡ್ಡಿ ಗೀರಿದ ಘಾಟು! ಅದರ ಹಿಂದೆಯೇ ಸುಟ್ಟ ರಬ್ಬರು, ಬೆಂದ ಎಲೆಕೋಸು, ಕೆಲವೊಮ್ಮೆ ದೀಪಾವಳಿಯ ಮರುದಿನ ಬೆಳಿಗ್ಗೆ ಬೀದಿಯಲ್ಲಿ ಉಳಿದಿರುತ್ತದಲ್ಲ, ಆ ವಾಸನೆ. ಹದಿನೆಂಟು ವರ್ಷ ಉಗ್ರಾಣದ ಕತ್ತಲಲ್ಲಿ ಮಲಗಿ ಎದ್ದ ಮದ್ಯ ಪಟಾಕಿ ಅಂಗಡಿಯಂತೆ ನಾತ ಹೊಡೆದರೆ ಕೊಂಡವನ ಗತಿಯೇನು? ಪಕ್ಕದಲ್ಲಿ ಕೂತ ಗೆಳೆಯನಿಗೆ ಕೊಟ್ಟು ನೋಡಿದರೆ ಆತ, 'ಚೆನ್ನಾಗಿಯೇ ಇದೆಯಲ್ಲ' ಎನ್ನುತ್ತಾನೆ. ಜಗಳ ಅಲ್ಲಿಂದ ಶುರು.

ಕುಡಿಯದವರಿಗೂ ಈ ಪ್ರಸಂಗ ರುಚಿಸೀತು. ಏಕೆಂದರೆ ಇದು ಬಾಯಿಯ ಕತೆಗಿಂತ ಹೆಚ್ಚಾಗಿ ಮೂಗಿನ ಕತೆ. ಮರ, ಲೋಹ, ಹೊಗೆಗಳ ಕತೆ.

ಮೊದಲು ಶೆರಿ ಎಂದರೇನು ಎಂಬುದನ್ನು ಚುಟುಕಾಗಿ ಹೇಳಿಬಿಡಬೇಕು. ಸ್ಪೇನಿನ ದಕ್ಷಿಣದಲ್ಲಿ ಹೆರೆಜ್ ಎಂಬ ಊರಿದೆ. ಅದರ ಸುತ್ತಲಿನ ದ್ರಾಕ್ಷಿಯಿಂದ ತಯಾರಾಗುವ, ಮೇಲಿಂದ ಮದ್ಯಸಾರ ಬೆರೆಸಿ ಗಡುಸು ಮಾಡಿದ ವೈನೇ ಶೆರಿ. ಹೆರೆಜ್ ಎಂಬ ಹೆಸರು ಇಂಗ್ಲಿಷರ ಬಾಯಲ್ಲಿ ಹೊರಳಿ 'ಶೆರಿ' ಆಯಿತು. ಇಂಗ್ಲಿಷರಿಗೆ ಅದು ಶತಮಾನಗಳಿಂದ ಪ್ರಿಯ. ಹಡಗಿನಲ್ಲಿ ಬರುತ್ತಿದ್ದುದು ಓಕ್ ಮರದ ಪೀಪಾಯಿಗಳಲ್ಲಿ. ಐನೂರು ಲೀಟರು ಹಿಡಿಯುವ ಆ ದೊಡ್ಡ ಪೀಪಾಯಿಗೆ 'ಬಟ್' ಎಂದು ಹೆಸರು. ಬ್ರಿಟನ್ನಿನ ಬಂದರುಗಳಲ್ಲಿ ವೈನನ್ನು ಸೀಸೆಗಳಿಗೆ ಇಳಿಸಿದ ಮೇಲೆ ಪೀಪಾಯಿ ಖಾಲಿ. ಅದನ್ನು ಮತ್ತೆ ಸ್ಪೇನಿಗೆ ಹೊತ್ತೊಯ್ಯುವುದು ನಷ್ಟದ ಬಾಬತ್ತು. ಉತ್ತರದಲ್ಲಿದ್ದ ಸ್ಕಾಟ್ಲೆಂಡಿನವರು ಅಗ್ಗಕ್ಕೆ ಕೊಂಡು ತಮ್ಮ ವಿಸ್ಕಿ ತುಂಬಿದರು. ಲೆಕ್ಕಾಚಾರದ ಜನ! ಆದರೆ ಆ ಮಿತವ್ಯಯದಿಂದ ಒಂದು ಸೋಜಿಗ ಹುಟ್ಟಿತು. ಮರದ ರಂಧ್ರಗಳಲ್ಲಿ ಹೀರಿಕೊಂಡು ಕೂತಿದ್ದ ಶೆರಿ ಮತ್ತು ಓಕ್ ಮರದ ಸಾರ ಎರಡೂ ಸೇರಿ ಬಿಳಿಯ ಭಟ್ಟಿ ಮದ್ಯವನ್ನು ಕೆಂಪಗೆ, ಒಣಹಣ್ಣಿನ ಪರಿಮಳದ ವಿಸ್ಕಿಯಾಗಿಸಿದವು.

ಆ ಕಾಲದ ಪೀಪಾಯಿ ವೈನು ತುಂಬಿಕೊಂಡೇ ಸಮುದ್ರ ದಾಟುತ್ತಿತ್ತು ಎಂಬುದನ್ನು ಗಮನಿಸಬೇಕು. ತುಂಬಿದ ಪೀಪಾಯಿ ಸುಲಭಕ್ಕೆ ಕೆಡುವುದಿಲ್ಲ.

1970ರ ದಶಕದ ಕೊನೆಗೆ ಶೆರಿಯ ಮಾರಾಟ ಉತ್ತುಂಗ ಮುಟ್ಟಿ ಇಳಿಯತೊಡಗಿತು. 1980ರ ದಶಕದಲ್ಲಿ ಶೆರಿಯನ್ನು ಸ್ಪೇನಿನಲ್ಲಿಯೇ ಸೀಸೆಗೆ ತುಂಬಬೇಕೆಂಬ ನಿಯಮ ಬಂತು. ಪೀಪಾಯಿಯಲ್ಲಿ ಶೆರಿ ಬರುವುದು ನಿಂತೇಹೋಯಿತು. ಸ್ಕಾಟ್ಲೆಂಡಿನ ಭಟ್ಟಿಗಳು ಕಂಗಾಲು. ಹಾಗಂತ ಕೈಕಟ್ಟಿ ಕೂರುವವರಲ್ಲ. ಹೆರೆಜಿನಲ್ಲಿಯೇ ಹೊಸ ಪೀಪಾಯಿ ಮಾಡಿಸಿ, ಅದಕ್ಕೆ ಒಂದೆರಡು ವರ್ಷ ಶೆರಿ ತುಂಬಿಸಿಟ್ಟು ಪಳಗಿಸಿ, ನಂತರ ವೈನು ಬಸಿದು ಪೀಪಾಯಿಯನ್ನು ತರಿಸುವ ಹೊಸ ಪದ್ಧತಿ ಬೆಳೆಯಿತು. ಮೆಕಾಲನ್‌ನಂಥ ಭಟ್ಟಿಗಳ ಹೆಸರು ನಿಂತಿರುವುದೇ ಹೀಗೆ ಮಾಡಿಸಿದ ಪೀಪಾಯಿಗಳ ಮೇಲೆ. ಪಳಗಿಸಲು ಬಳಸಿದ ಶೆರಿಯನ್ನು ಯಾರೂ ಕುಡಿಯುವುದಿಲ್ಲ. ಅದು ಬ್ರಾಂದಿಗೋ ವಿನೆಗರಿಗೋ ಹೋಗುತ್ತದೆ. ಮೊದಲು ವೈನಿಗಾಗಿ ಪೀಪಾಯಿ ಇತ್ತು, ಈಗ ಪೀಪಾಯಿಗಾಗಿ ವೈನು!

ಹೀಗೆ ಬರುವ ಪೀಪಾಯಿ ಖಾಲಿ. ವೈನಿನ ಪಸೆ ಇರುವ ಖಾಲಿ ಮರದ ಪೀಪಾಯಿ ಎಂದರೆ ಬೂಷ್ಟಿಗೂ ಹುಳಿ ಹಿಡಿಸುವ ಬ್ಯಾಕ್ಟೀರಿಯಾಕ್ಕೂ ಹಬ್ಬದೂಟ. ದಕ್ಷಿಣ ಸ್ಪೇನಿನ ಬಿಸಿಲಿನಲ್ಲಿ ಕೆಲವು ವಾರ ಬಿದ್ದಿದ್ದರೆ ಸಾಕು, ಸ್ಕಾಟ್ಲೆಂಡಿಗೆ ತಲುಪುವುದು ವಿನೆಗರಿನ ಪೀಪಾಯಿ. ಇದಕ್ಕೆ ವೈನು ಮಾಡುವವರ ಬಳಿ ಐನೂರು ವರ್ಷ ಹಳೆಯ ಮದ್ದೊಂದಿದೆ. ಗಂಧಕದ ಬತ್ತಿಯೊಂದನ್ನು ಹಚ್ಚಿ ಪೀಪಾಯಿಯೊಳಗೆ ಇಳಿಬಿಟ್ಟು ಬಾಯಿ ಮುಚ್ಚುವುದು. ಗಂಧಕ ಉರಿದು ಸಲ್ಫರ್ ಡೈ ಆಕ್ಸೈಡ್ ಅನಿಲ ಹುಟ್ಟುತ್ತದೆ. ಅದರ ಮುಂದೆ ಬೂಷ್ಟು ಬದುಕದು. ಒಣದ್ರಾಕ್ಷಿಯ ಬಣ್ಣ ಕಾಯಲು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸಲು ಬಳಸುವುದೂ ಇದೇ ಅನಿಲವನ್ನು. ಪೀಪಾಯಿಯನ್ನು ಉಳಿಸಲೆಂದು ಹಾಕಿದ ಹೊಗೆ ಪೀಪಾಯಿಗೇ ಅಂಟಿಕೊಂಡರೆ? ಒದ್ದೆ ಮರ ಆ ಅನಿಲವನ್ನು ಹೀರುತ್ತದೆ. ಉರಿಯದೆ ಕರಗಿ ತಳಕ್ಕೆ ತೊಟ್ಟಿಕ್ಕಿದ ಗಂಧಕ ಬೇರೆ. ಅವಸರದ ಕೆಲಸಗಾರ ಒಂದು ಬತ್ತಿಯ ಜಾಗದಲ್ಲಿ ಎರಡು ಹಚ್ಚಿದರೆ ಕೇಳುವವರು ಯಾರು? ಫಲ ಕಾಣುವುದು ಹನ್ನೆರಡು ವರ್ಷದ ಮೇಲೆ.

ಈ ದೂರನ್ನು ಎಲ್ಲರಿಗಿಂತ ಜೋರಾಗಿ ಕೂಗಿ ಹೇಳಿದವರು ಇಂಗ್ಲೆಂಡಿನ ವಿಸ್ಕಿ ಲೇಖಕ ಜಿಮ್ ಮರ್‍ರೆ. 2003ರಿಂದ ಅವರು ಹೊರತರುತ್ತಿರುವ 'ವಿಸ್ಕಿ ಬೈಬಲ್' ಎಂಬ ಕೈಪಿಡಿಯಲ್ಲಿ ಸಾವಿರಾರು ವಿಸ್ಕಿಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಗಂಧಕದ ಸುಳಿವು ಸಿಕ್ಕರೆ ಕತ್ತರಿ ಖಚಿತ. ಒಂದರ ಹಿಂದೊಂದು ಆವೃತ್ತಿಯಲ್ಲಿ ಅವರು ಸ್ಕಾಟ್ಲೆಂಡಿನ ಶೆರಿ ಪೀಪಾಯಿಗಳನ್ನು ಝಾಡಿಸಿದರು. 2015ರ ಆವೃತ್ತಿಯಲ್ಲಂತೂ ಜಗತ್ತಿನ ಅತ್ಯುತ್ತಮ ಎಂದು ಅವರು ಆರಿಸಿದ್ದು ಜಪಾನಿನ ಯಮಝಾಕಿ ಭಟ್ಟಿಯ ವಿಸ್ಕಿಯನ್ನು. ಅದೂ ಶೆರಿ ಪೀಪಾಯಿಯದೇ! ಮೊದಲ ಐದರಲ್ಲಿ ಸ್ಕಾಚ್ ಒಂದೂ ಇರಲಿಲ್ಲ. ಸ್ಕಾಟ್ಲೆಂಡಿನವರಿಗೆ ಇದಕ್ಕಿಂತ ಉರಿ ಬೇರೆ ಬೇಕೆ? (ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರ 'ಫ್ಯೂಷನ್' ವಿಸ್ಕಿಯನ್ನು 2010ರ ಆವೃತ್ತಿಯಲ್ಲಿ ಜಗತ್ತಿನ ಮೂರನೆಯ ಸ್ಥಾನಕ್ಕೆ ಏರಿಸಿದವರೂ ಇವರೇ.)

ಮರ್‍ರೆಯವರ ಸಿಟ್ಟಿನಲ್ಲಿ ಹುರುಳಿದೆ. ಆದರೆ ಗಂಧಕದ ವಾಸನೆ ಬಂದಾಗಲೆಲ್ಲ ಬತ್ತಿಯನ್ನೇ ಕಟಕಟೆಗೆ ಎಳೆಯುವುದು ಸರಿಯೇ? ಇಲ್ಲಿ ಎರಡನೆಯ ಆರೋಪಿಯೊಬ್ಬನಿದ್ದಾನೆ. ಅವನು ಸ್ಪೇನಿನವನಲ್ಲ, ಸ್ಕಾಟ್ಲೆಂಡಿನವನೇ.

ಬಾರ್ಲಿಯಲ್ಲಿ ಗಂಧಕ ಹುದುಗಿದೆ. ಈರುಳ್ಳಿ, ಬೆಳ್ಳುಳ್ಳಿ, ಇಂಗು, ಎಲೆಕೋಸು ಇವೆಲ್ಲದರ ಘಾಟಿನ ಹಿಂದೆ ಇರುವಂತೆ ಮೊಳಕೆ ಕಟ್ಟಿದ ಬಾರ್ಲಿಯ ಹಿಂದೆಯೂ ಗಂಧಕದ ಸಂಯುಕ್ತಗಳಿವೆ. ಯೀಸ್ಟ್ ಹುದುಗಿಸುವಾಗ ಇನ್ನಷ್ಟು ಹುಟ್ಟುತ್ತವೆ. ಕೊಳೆತ ಮೊಟ್ಟೆಯ ಹೈಡ್ರೋಜನ್ ಸಲ್ಫೈಡ್ ಒಂದು. ಬೇಯಿಸಿದ ಮುಸುಕಿನ ಜೋಳವನ್ನು ನೆನಪಿಸುವ ಡೈಮಿಥೈಲ್ ಸಲ್ಫೈಡ್ ಇನ್ನೊಂದು. ಎಲ್ಲರಿಗಿಂತ ಹಟಮಾರಿ ಡೈಮಿಥೈಲ್ ಟ್ರೈಸಲ್ಫೈಡ್. ನೂರು ಕೋಟಿ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಚುರುಕು ಮೂಗು ಅದನ್ನು ಹಿಡಿದುಬಿಡುತ್ತದೆ.

ಇವನ್ನು ಅಡಗಿಸಲು ಇರುವ ಮೊದಲ ಅಸ್ತ್ರ ತಾಮ್ರ. ಸ್ಕಾಟ್ಲೆಂಡಿನ ಭಟ್ಟಿ ಹಂಡೆಗಳು ತಾಮ್ರದವು. ಬಿಸಿ ಆವಿ ತಾಮ್ರದ ಗೋಡೆಗೆ ತಾಗಿದಾಗ ಗಂಧಕ ಅಲ್ಲಿಯೇ ಸೆರೆಯಾಗುತ್ತದೆ. ತಾಮ್ರ ಹೀಗೆ ತನ್ನನ್ನು ತಾನೇ ತೇಯ್ದುಕೊಳ್ಳುವುದರಿಂದ ಹಂಡೆಗಳು ವರ್ಷಗಳು ಕಳೆದಂತೆ ತೆಳುವಾಗಿ ಬದಲಿಸಬೇಕಾಗುತ್ತದೆ. ಆವಿ ತಾಮ್ರದ ಜೊತೆ ಎಷ್ಟು ಹೊತ್ತು ಕಳೆಯಿತು ಎಂಬುದರ ಮೇಲೆ ಮದ್ಯದ ಗುಣ ನಿಂತಿದೆ. ಆವಿಯನ್ನು ತಂಪುಗೊಳಿಸುವಲ್ಲಿ ಎರಡು ಬಗೆ. ಹೊಸದರಲ್ಲಿ ನೂರಾರು ಸಣ್ಣ ತಾಮ್ರದ ಕೊಳವೆಗಳಿರುತ್ತವೆ. ತಾಮ್ರದ ಸಹವಾಸ ಧಾರಾಳ. ಹಳೆಯದರಲ್ಲಿ ನೀರಿನ ದೊಡ್ಡ ತೊಟ್ಟಿಯೊಳಗೆ ಹಾವಿನಂತೆ ಸುತ್ತಿದ ಒಂದೇ ಕೊಳವೆ. ಆವಿ ಬೇಗ ನೀರಾಗಿಬಿಡುತ್ತದೆ, ತಾಮ್ರಕ್ಕೆ ಸಿಗುವುದು ಕಡಿಮೆ. ಮಾರ್ಟ್‌ಲಾಕ್, ಬೆನ್‌ರಿನೆಸ್, ಕ್ರೆಗೆಲ್ಲಾಕಿ ಭಟ್ಟಿಗಳಲ್ಲಿ ಈ ಹಳೆಯ ತೊಟ್ಟಿಗಳೇ ಇವೆ. ಅವುಗಳ ಹಸಿ ಮದ್ಯಕ್ಕೆ ಮಾಂಸದ ಸಾರಿನಂಥ, ಗಂಧಕದ ಒರಟು ವಾಸನೆ. ಅದು ದೋಷವೆಂದು ಅಲ್ಲಿಯವರು ಒಪ್ಪುವುದಿಲ್ಲ. ಬೇಕೆಂದೇ ಇಟ್ಟುಕೊಂಡ ಗುಣ.

ಡಾಲ್‌ವಿನ್ನಿ ಎಂಬ ಭಟ್ಟಿಯಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. 1986ರಲ್ಲಿ ಅಲ್ಲಿ ಹಳೆಯ ತೊಟ್ಟಿಗಳನ್ನು ಕಿತ್ತೊಗೆದು ಆಧುನಿಕ ಕೊಳವೆಗಳನ್ನು ಕೂರಿಸಿದರು. ಮದ್ಯ ಶುದ್ಧವಾಯಿತು, ಗಂಧಕ ಹೋಯಿತು. ಅದರೊಂದಿಗೆ ಡಾಲ್‌ವಿನ್ನಿಯ ತನವೂ ಹೋಯಿತು! ಕೊನೆಗೆ 1995ರಲ್ಲಿ ಮತ್ತೆ ತೊಟ್ಟಿಗಳನ್ನೇ ಕಟ್ಟಿಸಿಕೊಂಡರು. ಹಸಿಯಾಗಿದ್ದಾಗ ನಾರುವ ಈ ಮದ್ಯ ಹದಿನೈದು ವರ್ಷದಲ್ಲಿ ಜೇನಿನಂತಾಗುತ್ತದೆ. ಆ ಜೇನಿಗಾಗಿಯೇ ಈ ನಾತವನ್ನು ಸಹಿಸುವುದು.

ಹಸಿ ಮದ್ಯದ ಗಂಧಕ ಎಲ್ಲಿ ಹೋಗುತ್ತದೆ? ಹಗುರ ಸಂಯುಕ್ತಗಳು ಮರದ ಸಂದಿನಲ್ಲಿ ಆವಿಯಾಗಿ ಹೋಗುತ್ತವೆ, ಇಲ್ಲವೇ ಆಮ್ಲಜನಕದ ಜೊತೆ ಸೇರಿ ರೂಪ ಬದಲಿಸುತ್ತವೆ. ಉಳಿದದ್ದನ್ನು ಹೀರುವುದು ಪೀಪಾಯಿಯ ಇದ್ದಿಲು. ಅಮೆರಿಕದ ಬರ್ಬನ್ ವಿಸ್ಕಿಯ ಪೀಪಾಯಿಗಳನ್ನು ಒಳಗಡೆ ಬೆಂಕಿ ಹಚ್ಚಿ ಕರಿಯಾಗುವಂತೆ ಸುಟ್ಟಿರುತ್ತಾರೆ. ಆ ಕರಿ ಪದರ ನೀರು ಸೋಸುವ ಇದ್ದಿಲಿನಂತೆಯೇ ಕೆಲಸ ಮಾಡಿ ಗಂಧಕವನ್ನು ಹಿಡಿದಿಡುತ್ತದೆ. ಶೆರಿ ಪೀಪಾಯಿಯನ್ನು ಹಾಗೆ ಸುಡುವುದಿಲ್ಲ. ಮರವನ್ನು ಬಗ್ಗಿಸಲೆಂದು ಹದವಾಗಿ ಕಾಯಿಸುತ್ತಾರೆ, ಅಷ್ಟೆ. ಅದರಲ್ಲಿ ಇದ್ದಿಲಿಲ್ಲ, ಸೋಸುವ ಶಕ್ತಿಯೂ ಅಷ್ಟಕ್ಕಷ್ಟೆ.

ತನಿಖೆ ಇಲ್ಲಿ ತಿರುವು ತೆಗೆದುಕೊಳ್ಳುತ್ತದೆ. ಒಂದೇ ಹಂಡೆಯ ಮದ್ಯವನ್ನು ಬರ್ಬನ್ ಪೀಪಾಯಿಗೂ ಶೆರಿ ಪೀಪಾಯಿಗೂ ತುಂಬಿಡಿ. ಹನ್ನೆರಡು ವರ್ಷದ ಮೇಲೆ ಮೊದಲನೆಯದು ಸ್ವಚ್ಛ, ಎರಡನೆಯದಕ್ಕೆ ಗಂಧಕದ ಘಾಟು. ನೋಡಿದವರೆಲ್ಲ 'ಶೆರಿ ಪೀಪಾಯಿ ಕೆಡಿಸಿತು' ಎನ್ನುತ್ತಾರೆ. ಆ ಪೀಪಾಯಿ ಏನನ್ನೂ ಸೇರಿಸಿರಲಿಕ್ಕಿಲ್ಲ. ಇದ್ದದ್ದನ್ನು ತೆಗೆಯಲಿಲ್ಲ ಅಷ್ಟೆ. ಬತ್ತಿಯ ಹೊಗೆ ಯಾವ ದಾರಿಯಲ್ಲಿ ರಬ್ಬರಿನ ವಾಸನೆಯಾಗುತ್ತದೆ ಎಂಬುದು ಇನ್ನೂ ವಾದದ ವಿಷಯ. ಬೆಂಕಿಕಡ್ಡಿಯ ಚುಚ್ಚು ಘಾಟಾದರೆ ಬತ್ತಿಯ ಕಡೆ ಬೆರಳು ಮಾಡಬಹುದು. ಎಲೆಕೋಸು, ಮಾಂಸದ ಸಾರು ಎಂದಾದರೆ ಹಂಡೆಯ ಕಡೆಯೇ ಹೆಚ್ಚು ಅನುಮಾನ. ರಬ್ಬರಿನದು ಮಾತ್ರ ನಡುವೆ ತೂಗುವ ಪ್ರಕರಣ. ಮೊದಲೇ ಗಂಧಕದ ಒರಟು ಮದ್ಯ, ಅದಕ್ಕೆ ಸೋಸದ ಪೀಪಾಯಿ, ಅದರ ಮೇಲೆ ಬತ್ತಿಯ ಹೊಗೆ: ಮೂರೂ ಕೂಡಿದರಂತೂ ಕೇಳುವುದೇ ಬೇಡ.

ಭಟ್ಟಿಯವನ ಸಂಕಟವನ್ನೂ ನೋಡಬೇಕು. ಶೆರಿ ಬಟ್ ಒಂದಕ್ಕೆ ಬರ್ಬನ್ ಪೀಪಾಯಿಯ ಹಲವು ಪಟ್ಟು ಬೆಲೆ. ಹನ್ನೆರಡು ವರ್ಷ ಜಾಗದ ಬಾಡಿಗೆ, ಹೂಡಿದ ಹಣದ ಬಡ್ಡಿ, ವರ್ಷಕ್ಕೆ ಸುಮಾರು ಶೇಕಡಾ ಎರಡರಂತೆ ಗಾಳಿಯ ಪಾಲಾದ ಮದ್ಯ. ಇಷ್ಟೆಲ್ಲ ಆದ ಮೇಲೆ ಮುಚ್ಚಳ ತೆಗೆದರೆ ಪಟಾಕಿ ವಾಸನೆ. ಚರಂಡಿಗೆ ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ನೂರು ಒಳ್ಳೆಯ ಪೀಪಾಯಿಗಳ ನಡುವೆ ಇದೊಂದನ್ನು ಬೆರೆಸಿದರೆ ಗೊತ್ತಾಗಲಿಕ್ಕಿಲ್ಲ ಎಂಬ ಆಸೆ ಇಣುಕುತ್ತದೆ. ಆದರೆ ನೂರು ಕೋಟಿಗೆ ಒಂದು ಭಾಗವನ್ನೂ ಮೂಗು ಹಿಡಿಯುವ ವಸ್ತುವಿನ ಮುಂದೆ ಬೆರಕೆಯ ಗಣಿತ ನಡೆಯುವುದಿಲ್ಲ. ಹಾಲಿನ ಹಂಡೆಗೆ ಬಿದ್ದ ಹುಳಿಯ ಹನಿ ಅದು. ಅದಕ್ಕೇ ಶ್ರದ್ಧೆಯ ಭಟ್ಟಿಗಳಲ್ಲಿ ಮದ್ಯ ತುಂಬುವ ಮುನ್ನವೇ ಪೀಪಾಯಿಗಳನ್ನು ಒಂದೊಂದಾಗಿ ಮೂಸಿ ನೋಡುವ ಕ್ರಮವಿದೆ. ಬತ್ತಿಯನ್ನೇ ಬಿಟ್ಟು, ಪೀಪಾಯಿಯ ತಳದಲ್ಲಿ ಕೆಲವು ಲೀಟರು ಶೆರಿಯನ್ನು ಉಳಿಸಿಯೇ ಹಡಗು ಹತ್ತಿಸುವವರೂ ಇದ್ದಾರೆ. ಖಾಲಿ ಬಿಡಬೇಡ ಎಂಬ ಹಳೆಯ ಕಾಲದ ಬುದ್ಧಿಯೇ ಇದು.

ಇನ್ನು ಆ ಇಬ್ಬರು ಗೆಳೆಯರ ಜಗಳ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಗಂಧಕದ ವಾಸನೆ ಹಿಡಿಯುವ ಶಕ್ತಿ ಎಲ್ಲ ಮೂಗುಗಳಿಗೂ ಸಮನಾಗಿ ಬಂದಿಲ್ಲ. ಒಬ್ಬನಿಗೆ ಅಸಹ್ಯವಾಗುವಷ್ಟು ಇದ್ದರೂ ಇನ್ನೊಬ್ಬನಿಗೆ ಸೊನ್ನೆ. ಮೂರನೆಯವನಿಗೆ ಅದೇ ಘಾಟು ಅಲ್ಪಸ್ವಲ್ಪ ಇದ್ದರೆ ಒಗ್ಗರಣೆಗೆ ಹಾಕಿದ ಇಂಗಿನಂತೆ ಇಷ್ಟ! ಹೀಗಾಗಿ ಇಂಥ ಸೀಸೆಯನ್ನು ಅಂಗಡಿಗೆ ವಾಪಸು ಒಯ್ದವನಿಗೆ ನ್ಯಾಯ ಸಿಗುವುದು ಕಷ್ಟ. ಗಲ್ಲಾದ ಹಿಂದೆ ಕೂತವನು ಮೂಸಿ, 'ಏನೂ ಇಲ್ಲವಲ್ಲ ಸಾರ್' ಎಂದುಬಿಟ್ಟರೆ ವಾದಿಸುವುದು ಹೇಗೆ?

ಅಂಥವರಿಗೆ ವೈನು ಕುಡಿಯುವವರಲ್ಲಿ ಚಾಲ್ತಿಯಲ್ಲಿರುವ ಒಂದು ಉಪಾಯವಿದೆ. ತಿಕ್ಕಿ ತೊಳೆದ ಅಪ್ಪಟ ತಾಮ್ರದ ತುಂಡೊಂದನ್ನು ಲೋಟಕ್ಕೆ ಹಾಕಿ ಕೆಲವು ನಿಮಿಷ ಅಲುಗಿಸುವುದು. ಹಂಡೆ ಮಾಡದೆ ಬಿಟ್ಟ ಕೆಲಸವನ್ನು ಲೋಟದಲ್ಲಿ ಮಾಡಿಸಿದಂತೆ. ತಾಮ್ರ ಹಾಕಿದ್ದನ್ನು ಮೂಸಿ ನೋಡಿದರೆ ಸಾಕು, ಕುಡಿಯುವ ಗೊಡವೆ ಬೇಡ. ಕೊಳೆತ ಮೊಟ್ಟೆಯ ವಾಸನೆಯಾಗಿದ್ದರೆ ಇಳಿಯುತ್ತದೆ. ಡೈಮಿಥೈಲ್ ಟ್ರೈಸಲ್ಫೈಡ್ ಆಗಿದ್ದರೆ ತಾಮ್ರಕ್ಕೂ ಜಗ್ಗದೆ ಲೋಟದಲ್ಲಿಯೇ ಕೂತಿರುತ್ತದೆ.