ಕೆಲಸದ ಮಾತು: ತುಕ್ಕು ಹಿಡಿದ ವಾಲ್ವ್

ಕಳೆದ ಚಳಿಗಾಲದಲ್ಲಿ ವಾಷಿಂಗ್ಟನ್ ಹತ್ತಿರದ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಪೈಪ್ ಒಡೆಯಿತು. ನಮ್ಮವರೊಬ್ಬರು ಓಡಿಹೋಗಿ ಮೇನ್ ವಾಲ್ವ್ ಬಂದ್ ಮಾಡಲು ನೋಡಿದರು. ಚಕ್ರ ಅಲ್ಲಾಡಲೇ ಇಲ್ಲ. ಉದ್ದನೆ ಪೈಪ್ ತೂರಿಸಿ ಜಗ್ಗಿದ್ದೇ ತಡ, ಸ್ಪಿಂಡಲ್ ಮುರಿಯಿತು, ಇವರ ಮಣಿಕಟ್ಟೂ ಉಳುಕಿತು. ಆಮೇಲೆ ಬಂದ ಮಾತು: "ನೀನೇ ಮುರಿದೆ." ಮುರಿದದ್ದು ಇವರಲ್ಲ, ವರ್ಷಗಟ್ಟಲೆ ಯಾರೂ ನೋಡದೆ ಬಿಟ್ಟ ತುಕ್ಕು. ಅದಕ್ಕೇ ಈ ತಿಂಗಳು ಅದರ ಬಗ್ಗೆ ಮಾತಾಡೋಣ.

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಇನ್ನೂ ಬೇಗ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಥ್ರೆಡ್ಡಿನ ಸಂದಿಯಲ್ಲಿ ಅದು ಉಬ್ಬಿ ಸ್ಪಿಂಡಲನ್ನು ಹಿಡಿದುಕೊಳ್ಳುತ್ತೆ. ಹಾಗಾಗಿ ಚಕ್ರ ಜಾಮ್.

ನಮ್ಮ ಮೂರು ಕಡೆಗೂ ಮೂರು ಕಾರಣ. ವಾಷಿಂಗ್ಟನ್ ಕಡೆ ಹಿಮ ಬಿದ್ದಾಗ ರಸ್ತೆಗೆ ಚೆಲ್ಲುವ ಉಪ್ಪು, ಬೂಟಿನ ಜೊತೆ, ಗಾಡಿಯ ಜೊತೆ ಒಳಗೂ ಬರುತ್ತೆ. ಅಟ್ಲಾಂಟಾದಲ್ಲಿ ಬೇಸಿಗೆಯ ಸೆಕೆ: ತಣ್ಣೀರಿನ ಲೈನ್ ಬೆವರುತ್ತೆ, ಹರಿದ ಇನ್ಸುಲೇಶನ್ ಒಳಗೆ ನೀರು ನಿಂತು ಕಣ್ಣಿಗೆ ಕಾಣದಂತೆ ತಿನ್ನುತ್ತೆ. ಕ್ಯಾರೊಲಿನಾ ಕರಾವಳಿಯಲ್ಲಿ ಸಮುದ್ರದ ಗಾಳಿ. ನಾರ್ತ್ ಕ್ಯಾರೊಲಿನಾದ ಕ್ಯೂರ್ ಬೀಚಿನಲ್ಲಿ 1930ರ ದಶಕದಿಂದಲೂ ಲೋಹಗಳನ್ನು ಬಯಲಿಗಿಟ್ಟು ಪರೀಕ್ಷಿಸಿದ್ದಾರೆ. ಸಮುದ್ರದಿಂದ 80 ಅಡಿ ದೂರದಲ್ಲಿಟ್ಟ ಉಕ್ಕು, 800 ಅಡಿ ದೂರದ್ದಕ್ಕಿಂತ ಹಲವು ಪಟ್ಟು ಬೇಗ ಸವೆದಿದೆ. ಅಲ್ಲಿ 304 ಸ್ಟೇನ್‌ಲೆಸ್ ಮೇಲೂ ಕಂದು ಚುಕ್ಕೆ ಬರುತ್ತೆ. ಮಾಲಿಬ್ಡಿನಮ್ ಇರುವ 316 ಹೆಚ್ಚು ತಾಳುತ್ತೆ.

ಊರಲ್ಲಿ ಕೊಡಚಾದ್ರಿ ಮೇಲಿನ ಕಬ್ಬಿಣದ ಕಂಬ ನೋಡಿದವರು ಕೇಳಬಹುದು, ಮಲೆನಾಡಿನ ಅಷ್ಟು ಮಳೆಗೆ ಅದು ನಿಂತಿಲ್ವಾ ಅಂತ. ನಿಂತಿದೆ. ಆದರೆ ಹಳೇ ಕುಲುಮೆಯ ಕಬ್ಬಿಣ ಬೇರೆ, ಬಾಯ್ಲರ್ ರೂಮಿನ ವಾಲ್ವ್ ಬೇರೆ. ಇದಕ್ಕೆ ನಮ್ಮ ಕೈಯೇ ಗತಿ.

ಏನು ಮಾಡಬೇಕು?

ಸೋರಿಕೆ, ಬೆವರು ಕಂಡರೆ ಮೊದಲು ಅದನ್ನು ನಿಲ್ಲಿಸಿ. ಒದ್ದೆಯಾದ ಇನ್ಸುಲೇಶನ್ ಬದಲಿಸಲು ಹೇಳಿ.

ಮೇಲ್ಮೈ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಪ್ರೈಮರ್ ಹಚ್ಚಿ, ಆಮೇಲೆ ಪೇಂಟ್. ಕನ್ನಡಕ, ಮಾಸ್ಕ್ ಮರೀಬೇಡಿ. ಸ್ಪಿಂಡಲಿಗೆ ಪೇಂಟ್ ಬೇಡ, ಗ್ರೀಸ್ ಸಾಕು.

ಹಿತ್ತಾಳೆ, ಕಂಚಿನ ವಾಲ್ವ್‌ಗೆ ಬರೀ ಕಬ್ಬಿಣದ ಬೋಲ್ಟ್ ಹಾಕಬೇಡಿ. ನೀರು ತಾಗಿದರೆ ಕಬ್ಬಿಣವೇ ಮೊದಲು ಸವೆಯುತ್ತೆ.

ಗೇಟ್ ವಾಲ್ವನ್ನು ಸೂಪರ್‌ವೈಸರ್ ಅನುಮತಿ ಪಡೆದು ಆಗಾಗ ತಿರುಗಿಸಿ ನೋಡಿ. ಪೂರ್ತಿ ತೆಗೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತನ್ನಿ. ಬೆಂಕಿ ಆರಿಸುವ ಲೈನಿನ ವಾಲ್ವನ್ನು ಮಾತ್ರ ಕೇಳದೆ ಮುಟ್ಟಬೇಡಿ.

ತಿರುಗದಿದ್ದರೆ ಪೈಪ್ ತೂರಿಸಿ ಜಗ್ಗಬೇಡಿ. ಆವಿ, ಒತ್ತಡದ ಲೈನ್ ಬಿಚ್ಚುವ ಮೊದಲು ಬೀಗ ಹಾಕಿ ಟ್ಯಾಗ್ ಕಟ್ಟಬೇಕು, ಒತ್ತಡ ಇಳಿದಿದೆ ಅಂತ ಖಾತ್ರಿ ಮಾಡ್ಕೋಬೇಕು.

ಕೊನೆಯದು, ಮುಖ್ಯವಾದದ್ದು. ತುಕ್ಕು ಕಂಡ ದಿನವೇ ಫೋಟೋ ತೆಗೆದು ತಾರೀಕು ಹಾಕಿ ಸೂಪರ್‌ವೈಸರ್‌ಗೆ ಮೆಸೇಜ್ ಕಳಿಸಿ. ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರಲ್ಲ. ಅಪಾಯ ಇದೆ ಅಂತ ಹೇಳಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ, ನಿಮ್ಮ ವೀಸಾ ಯಾವುದೇ ಇರಲಿ. ಹಾಗೇನಾದರೂ ಆದರೆ 30 ದಿನದೊಳಗೆ ಓಶಾಕ್ಕೆ ದೂರು ಕೊಡಿ: 1-800-321-6742. ವರ್ಜೀನಿಯಾ, ಮೇರಿಲ್ಯಾಂಡ್, ಎರಡೂ ಕ್ಯಾರೊಲಿನಾಗಳಲ್ಲಿ ರಾಜ್ಯದ್ದೇ ಕಚೇರಿ ಇದೆ; ಡಿ.ಸಿ. ಮತ್ತು ಜಾರ್ಜಿಯಾದಲ್ಲಿ ಕೇಂದ್ರದ ಓಶಾ.

ಮಣಿಕಟ್ಟು ಉಳುಕಿದ ನಮ್ಮವರು ಈಗ ಕೆಲಸಕ್ಕೆ ವಾಪಸ್ ಬಂದಿದ್ದಾರೆ. ಅವರ ಜೇಬಲ್ಲಿ ಈಗೊಂದು ಸಣ್ಣ ನೋಟ್‌ಬುಕ್ ಇದೆ, ಕಟ್ಟಡದ ಪ್ರತಿ ವಾಲ್ವ್‌ಗೂ ಒಂದು ಸಾಲು. ನಾವೂ ಒಂದೊಂದು ಇಟ್ಟುಕೊಳ್ಳೋಣ.